ಸಹಾಯ ಬೇಕು: ಅಮ್ಮನಿಗೆ ವಾಸನೆ ಗೊತ್ತಾಗುತ್ತಿಲ್ಲ, ಮರೆವೂ ಜಾಸ್ತಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 74 ವರ್ಷ, ದಾವಣಗೆರೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಮೊನ್ನೆ ಹಾಲು ತಳ ಹಿಡಿದು ಮನೆಯೆಲ್ಲಾ ಸೀದ ವಾಸನೆ. ಒಲೆ ಪಕ್ಕದಲ್ಲೇ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಮ್ಮನಿಗೆ ಗೊತ್ತೇ ಆಗಲಿಲ್ಲ. ಸಾರಿಗೆ ಎರಡೆರಡು ಸಲ ಇಂಗು ಹಾಕುತ್ತಾರೆ. ಅದು ಮರೆವೋ, ಘಮ ಸಿಗದೇ ಹಾಕುವುದೋ ತಿಳಿಯುತ್ತಿಲ್ಲ. ಕೇಳಿದ್ದನ್ನೇ ಕೇಳುವುದೂ ಶುರುವಾಗಿದೆ.

ಅಲ್ಜೈಮರ್ (ಮರೆವಿನ ಕಾಯಿಲೆ), ಪಾರ್ಕಿನ್ಸನ್ (ಕೈಕಾಲು ನಡುಗುವ ಕಾಯಿಲೆ) ಎರಡರಲ್ಲೂ ವಾಸನೆ ಶಕ್ತಿ ಬೇಗನೆ ಕುಂದಬಹುದು ಎಂದು ಓದಿದ್ದೇನೆ. ಹಾಗಂತ ವಾಸನೆ ಹೋದವರಿಗೆಲ್ಲ ಮರೆವಿನ ಕಾಯಿಲೆ ಬರುತ್ತದೆ ಅಂತೇನಿಲ್ಲ. ವಯಸ್ಸು, ಸೈನಸ್, ಕೋವಿಡ್ ಕೂಡ ಕಾರಣ ಇರಬಹುದು, ಅಲ್ವಾ? ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಬೇಕಾ, ನೇರವಾಗಿ ನರರೋಗ ತಜ್ಞರ ಹತ್ತಿರ ಹೋಗಬೇಕಾ? ನಿಮ್ಹಾನ್ಸ್‌ಗೆ ವಯಸ್ಸಾದವರನ್ನು ಕರೆದುಕೊಂಡು ಹೋಗಿದ್ದವರು ಯಾರಾದರೂ ಇದ್ದರೆ ಹೇಳಿ.

ಅಮೆರಿಕದಲ್ಲಿ 1984ರಲ್ಲಿ ಬಂದ, ಕಾಗದ ಕೆರೆದು ಮೂಸುವ 40 ವಾಸನೆಗಳ ಪರೀಕ್ಷೆ ಒಂದಿದೆ. ಅದರಲ್ಲಿ ರೂಟ್ ಬಿಯರ್ ಅನ್ನೋ ಅಲ್ಲಿನ ತಂಪು ಪಾನೀಯದ ವಾಸನೆಯೂ ಇದೆಯಂತೆ. ನಮ್ಮಮ್ಮ ಅದನ್ನು ಎಲ್ಲಿ ಕಂಡಿದ್ದಾರೆ! ಏಲಕ್ಕಿ, ಮಲ್ಲಿಗೆ, ಕಾಫಿ ಇಟ್ಟು ಪರೀಕ್ಷೆ ಮಾಡುವವರು ನಮ್ಮ ಕಡೆ ಇದ್ದಾರಾ?

ಎಲ್ಲಕ್ಕಿಂತ ಅರ್ಜೆಂಟಾಗಿ ಬೇಕಾಗಿರುವುದು ಗ್ಯಾಸ್ ಸೋರಿದರೆ ಕೂಗುವ ಅಲಾರಂ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯೇ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತ ವಾಸನೆ ಬೆರೆಸುತ್ತಾರೆ. ಅಮ್ಮನಿಗೆ ಅದೂ ಸಿಗುವುದಿಲ್ಲ. ಹಗಲು ಅವರೊಬ್ಬರೇ ಇರುತ್ತಾರೆ. ಈ ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಅಲಾರಂ ನೆಲದ ಹತ್ತಿರ ಹಾಕಬೇಕು ಅನ್ನುವುದು ಗೊತ್ತು. ನೀವು ಹಾಕಿಸಿದ್ದರೆ ಯಾವುದು, ಎಷ್ಟಾಯಿತು, ಕರೆಂಟ್ ಹೋದಾಗಲೂ ಕೆಲಸ ಮಾಡುತ್ತದಾ, ದಯವಿಟ್ಟು ತಿಳಿಸಿ.