ಪ್ರಾಗ್‌ನಲ್ಲಿ ಈಸ್ಟರ್ ಸಂತೆ, ಹಳೇ ಕಾಲದ ಕಾರು: ಹೋಗಿ ಬಂದವರು ದಯವಿಟ್ಟು ಹೇಳಿ

ಪ್ರಶ್ನೆ (ಮ್ಯೂನಿಕ್‌ನಿಂದ)

ಎಲ್ಲರಿಗೂ ನಮಸ್ಕಾರ. ಈಸ್ಟರ್ ಹೊತ್ತಿಗೆ ಅಪ್ಪ ಅಮ್ಮ ಹಾಸನದಿಂದ ಬಂದಿರುತ್ತಾರೆ. ರಜೆಗೆ ಪ್ರಾಗ್‌ಗೆ ಕರೆದುಕೊಂಡು ಹೋಗೋಣ ಅಂತ ಇದ್ದೇವೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅಲ್ಲಿ ಹಳೇ ಕಾಲದ ತೆರೆದ ಕಾರಿನಲ್ಲಿ ಊರು ತೋರಿಸುತ್ತಾರಂತೆ. ಅದರಲ್ಲೇ ಕೂತು ಈಸ್ಟರ್ ಸಂತೆಗಳನ್ನೂ ನೋಡಿಬಿಡಬಹುದಾ? ಅಪ್ಪ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಯಾವ ದಿನ ಹೋಗಬೇಕು, ಏನು ಕೊಳ್ಳಬಹುದು, ಎಲ್ಲಿ ಹುಷಾರಾಗಿರಬೇಕು, ಸ್ವಲ್ಪ ಹೇಳಿ.

ಪ್ರಾಗ್‌ನಲ್ಲೇ ಇರುವವರು

ಕಾರು ಬೇರೆ, ಸಂತೆ ಬೇರೆ. ದೊಡ್ಡ ಸಂತೆ ನಡೆಯುವುದು ಓಲ್ಡ್ ಟೌನ್ ಸ್ಕ್ವೇರ್‌ನಲ್ಲಿ. ಆ ಚೌಕದೊಳಗೆ ಕಾರು ಹೋಗುವುದಿಲ್ಲ. ಚಾರ್ಲ್ಸ್ ಸೇತುವೆ ಮೇಲೂ ಬರೀ ನಡೆಯುವವರೇ. ಕಾರಿನವರು ಅಕ್ಕಪಕ್ಕದ ಬೀದಿಗಳಲ್ಲಿ ನಿಂತಿರುತ್ತಾರೆ. ಅಲ್ಲಿ ಹತ್ತಿಸಿಕೊಂಡು ಒಂದು ಸುತ್ತು ಹಾಕಿಸಿ ವಾಪಸ್ ತಂದು ಬಿಡುತ್ತಾರೆ. ಕಾರಿನಲ್ಲಿ ಕೂತು ಸಂತೆ ನೋಡುವ ಯೋಚನೆ ಬಿಡಿ.

ಆದರೂ ನಿಮ್ಮ ಅಮ್ಮನಿಗೋಸ್ಕರ ಕಾರು ತೆಗೆದುಕೊಳ್ಳಿ. ಸಂತೆ ಇರುವ ಜಾಗ ಮಟ್ಟಸ, ಅಲ್ಲಿ ನಿಧಾನಕ್ಕೆ ಓಡಾಡಬಹುದು. ಮಂಡಿ ನೋವು ಇರುವವರಿಗೆ ಕಷ್ಟ ಆಗುವುದು ನದಿಯ ಆ ಕಡೆ, ಕೋಟೆ ಇರುವ ಗುಡ್ಡ. ಅದೂ ಪೂರ್ತಿ ಕಲ್ಲು ಹಾಸಿದ ಏರು. ಕಾರು ಸಾಮಾನ್ಯವಾಗಿ ಯಹೂದಿಗಳ ಹಳೇ ಕೇರಿ ಯೋಸೆಫೋವ್ ಬಳಸಿಕೊಂಡು, ವಲ್ಟಾವಾ ನದಿ ದಾಟಿ, ಕೋಟೆ ಇರುವ ಆ ಹ್ರಾಡ್ಚನಿ ಗುಡ್ಡ ಹತ್ತುತ್ತದೆ. ಮೇಲೆ ಸ್ಟ್ರಾಹೋವ್ ಮಠದ ಹತ್ತಿರ ನಿಲ್ಲಿಸಲು ಹೇಳಿ. ಇಡೀ ಊರಿನ ಕೆಂಪು ಹೆಂಚು ಕಾಲ ಕೆಳಗೆ ಕಾಣುತ್ತದೆ. ಆಮೇಲೆ ಗುಡ್ಡದ ಕೆಳಗಿನ ಹಳೇ ಕೇರಿ ಮಾಲಾ ಸ್ತ್ರಾನಾ ಮೂಲಕ ಇಳಿದು ವಾಪಸ್. ನಡೆದರೆ ಅರ್ಧ ದಿನ ಹಿಡಿಯುವ ದಾರಿ.

ಹತ್ತುವ ಮುಂಚೆ ಕೇಳಬೇಕಾದ್ದು ಕೇಳಿಬಿಡಿ. ಹೇಳಿದ ರೇಟು ಇಡೀ ಕಾರಿಗೋ, ತಲೆಗೋ? ಎಷ್ಟು ನಿಮಿಷ? ಗುಡ್ಡದ ಮೇಲೆ ಇಳಿದು ಫೋಟೋ ತೆಗೆಯಲು ಬಿಡುತ್ತಾರಾ? ಮಳೆ ಬಂದರೆ ಮೇಲೆ ಹೊದಿಕೆ ಹಾಕುತ್ತಾರಾ? ನಮ್ಮ ಅತ್ತೆ ಮಾವ ಬಂದಾಗ ಒಬ್ಬ ಡ್ರೈವರ್ ಗುಡ್ಡದ ಮೇಲೆ ಕಾರು ನಿಧಾನ ಮಾಡಿ, ಕೈ ತೋರಿಸಿ, ಹಾಗೇ ಮುಂದೆ ಹೋಗಿಬಿಟ್ಟ. ಮಾವ ಮೊಬೈಲ್ ಕೈಗೆ ತೆಗೆಯುವಷ್ಟರಲ್ಲಿ ಊರೇ ಮರೆಯಾಗಿತ್ತು.

ಬೆನ್ನು ನೋವು ಇರುವವರಾದರೆ ಎರಡು ಸಲ ಯೋಚಿಸಿ. ಹಳೇ ಕಾರು, ಕಲ್ಲು ರಸ್ತೆ, ಚೆನ್ನಾಗಿ ಅಲುಗಾಡಿಸುತ್ತದೆ. ಕಾಲಿಗೆ ಹೊದ್ದುಕೊಳ್ಳಲು ಕಂಬಳಿ ಕೊಡುತ್ತಾರೆ, ಬೇಡ ಅನ್ನಬೇಡಿ. ಬಿಸಿಲು ಇದ್ದರೂ ತೆರೆದ ಕಾರಿನಲ್ಲಿ ಗಾಳಿ ಕಿವಿಗೆ ಹೊಡೆಯುತ್ತದೆ. ಅಮ್ಮನಿಗೆ ಸ್ಕಾರ್ಫ್ ಮರೆಯಬೇಡಿ.

ಬರ್ಲಿನ್‌ನಿಂದ, ಮೂಲ ಮೈಸೂರು

ಕಾರಿನ ಬಗ್ಗೆ ಒಂದು ಮಾತು. ಹಳೇದು ಅಂತ ಕಾಣುವ ಎಲ್ಲವೂ ಹಳೇದಲ್ಲ. 1920-30ರ ದಶಕದ ಅಸಲಿ ಕಾರುಗಳೂ ಇವೆ, ಅದೇ ಆಕಾರದಲ್ಲಿ ಈಚೆಗೆ ಕಟ್ಟಿದ ನಕಲುಗಳೂ ಇವೆ. ಕೆಲವು ಬ್ಯಾಟರಿಯಲ್ಲಿ ಓಡುತ್ತವೆ. ಸುಮ್ನೆ ಊರು ನೋಡುವುದಾದರೆ ನಕಲಾದರೂ ಏನೂ ತೊಂದರೆ ಇಲ್ಲ, ಅಮ್ಮನಿಗೆ ಸೀಟೂ ಆರಾಮ ಇರುತ್ತದೆ. ಆದರೆ ಅಸಲಿಯ ರೇಟು ಕೊಟ್ಟು ನಕಲಿ ಹತ್ತಬೇಡಿ. ಯಾವ ಕಂಪನಿ, ಯಾವ ವರ್ಷದ್ದು ಅಂತ ಕೇಳಿ. ಅಸಲಿ ಇಟ್ಟುಕೊಂಡವನು ಖುಷಿಯಿಂದ ಬಾನೆಟ್ ಎತ್ತಿ ತೋರಿಸುತ್ತಾನೆ. ನಕಲಿಯವನು ಮಾತು ಬದಲಿಸುತ್ತಾನೆ.

ನಿಜವಾದ ಹುಚ್ಚಿದ್ದರೆ ಲೆಟ್ನಾದಲ್ಲಿರುವ ನ್ಯಾಷನಲ್ ಟೆಕ್ನಿಕಲ್ ಮ್ಯೂಸಿಯಂಗೆ ಹೋಗಿ. ದೊಡ್ಡ ಹಾಲ್‌ನಲ್ಲಿ ನೆಲದ ಮೇಲೆ ಕಾರುಗಳು, ಮೇಲೆ ತೂಗು ಹಾಕಿದ ವಿಮಾನಗಳು. 1897ರ ಪ್ರೆಸಿಡೆಂಟ್ ಕಾರು ಅಲ್ಲಿದೆ. ಮುಂದೆ ಟಾಟ್ರಾ ಎಂಬ ಜೆಕ್ ವಾಹನ ಕಂಪನಿಯಾಗಿ ಬೆಳೆದವರ ಮೊದಲ ಕಾರು ಅದು. ಜೆಕ್ ಜನಕ್ಕೆ ಕಾರು ಅಂದರೆ ಮನೆಯ ಹೆಮ್ಮೆ. ಪ್ರಾಗಾ ಕಂಪನಿ ಶುರುವಾಗಿದ್ದು 1907ರಲ್ಲಿ. ನಮಗೆ ಗೊತ್ತಿರುವ ಸ್ಕೋಡಾ 1925ರಲ್ಲಿ ಲೌರಿನ್ ಕ್ಲೆಮೆಂಟ್ ಎಂಬ ಹಳೇ ಕಂಪನಿಯನ್ನು ಸೇರಿಸಿಕೊಂಡು ಕಾರಿಗೆ ಇಳಿದದ್ದು.

ಇನ್ನು ಜಾವಾ! 1929ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಬೈಕ್ ಅದು. 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾಯಿತು, ಆಮೇಲೆ ಯೆಜ್ಡಿ ಆಯಿತು, 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ನಿಮ್ಮ ಅಪ್ಪ ಹಾಸನದಲ್ಲಿ ಜಾವಾ ಓಡಿಸಿದವರಾಗಿದ್ದರೆ ಅದನ್ನು ಕಾರಿನ ಡ್ರೈವರ್‌ಗೆ ಹೇಳಿ ನೋಡಿ. ನಾನು ಹೇಳಿದಾಗ ಆತ ಗೈಡ್ ಕೆಲಸ ಬಿಟ್ಟು ಪೂರ್ತಿ ಗಾಡಿ ವಿಷಯವೇ ಮಾತಾಡಿದ. ಹೆಂಡತಿ ಇವತ್ತಿಗೂ ಬೈಯುತ್ತಾಳೆ, ದಾರಿಯಲ್ಲಿ ಯಾವ ಚರ್ಚ್ ಬಂತು ಅಂತಲೇ ಗೊತ್ತಾಗಲಿಲ್ಲ ಅಂತ.

ವಿಯೆನ್ನಾದಿಂದ

ನಾನು ಸಂತೆಯ ಕಡೆಯವಳು, ಕಾರು ನಿಮಗೇ ಇರಲಿ. 😄

ಸಂತೆ ಈಸ್ಟರ್‌ಗೆ ಎರಡು ಮೂರು ವಾರ ಮುಂಚೆಯೇ ಶುರುವಾಗುತ್ತದೆ, ಹಬ್ಬದ ಸೋಮವಾರ ಕಳೆದ ಮೇಲೂ ಕೆಲವು ದಿನ ಇರುತ್ತದೆ. ಹಬ್ಬದ ದಿನಾಂಕ ಮಾತ್ರ ಪ್ರತಿ ವರ್ಷ ಓಡಾಡುತ್ತದೆ. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಮಾರ್ಚ್‌ನಲ್ಲಿ ಬಂದರೆ ಚಳಿಗಾಲದ ಕೋಟು ಬೇಕೇ ಬೇಕು. ರಜೆ ಹೊಂದಿಸಲು ಆದರೆ ಹಬ್ಬದ ಹಿಂದಿನ ವಾರ, ಅದೂ ಮಂಗಳವಾರ ಬುಧವಾರದ ಬೆಳಿಗ್ಗೆ ಬನ್ನಿ. ಗುಡ್ ಫ್ರೈಡೇಯಿಂದ ಸೋಮವಾರದ ತನಕ ಜೆಕ್‌ನಲ್ಲೂ ರಜೆ, ಜರ್ಮನಿಯಲ್ಲೂ ರಜೆ. ಕಾಲಿಡಲು ಜಾಗ ಇರುವುದಿಲ್ಲ.

ಬಣ್ಣದ ಮೊಟ್ಟೆ ಮಾಡುವವರ ಅಂಗಡಿ ಮುಂದೆ ನಿಲ್ಲಿ. ಒಳಗಿನದನ್ನೆಲ್ಲ ಊದಿ ತೆಗೆದ ಖಾಲಿ ಚಿಪ್ಪು ಅದು. ನಾನು ನೋಡಿದ ಅಜ್ಜಿಯೊಬ್ಬರು ಪೆನ್ಸಿಲ್ ತುದಿಗೆ ಗುಂಡುಸೂಜಿ ಚುಚ್ಚಿಕೊಂಡಿದ್ದರು. ಸೂಜಿಯ ತಲೆಯನ್ನು ಕರಗಿದ ಮೇಣದಲ್ಲಿ ಅದ್ದುವುದು, ಚಿಪ್ಪಿನ ಮೇಲೆ ಇಟ್ಟು ಸಣ್ಣಗೆ ಎಳೆಯುವುದು. ಒಂದೊಂದು ಎಳೆತಕ್ಕೆ ಒಂದು ಹನಿಯಾಕಾರ. ಮೇಣ ಆರುವ ಮುಂಚೆ ಮುಂದಿನದು. ಆಮೇಲೆ ಬಣ್ಣಕ್ಕೆ ಮುಳುಗಿಸಿ, ಬಿಸಿ ತಾಗಿಸಿ ಮೇಣ ಒರೆಸಿದರೆ ಬಿಳಿ ಹೂವು ಉಳಿಯುತ್ತದೆ. ಅಜ್ಜಿ ಮಾತಾಡುತ್ತಲೇ ಇದ್ದರು, ಕೈ ಒಂದು ಸಲವೂ ತಪ್ಪಲಿಲ್ಲ. ಇಂಥದ್ದನ್ನು ಕೊಂಡರೆ ಮೊಟ್ಟೆ ಡಬ್ಬಿಯಲ್ಲೇ ಇಟ್ಟು ಕೈಚೀಲದಲ್ಲಿ ತನ್ನಿ. ಹಾಸನದವರೆಗೆ ಹೋಗಬೇಕಾದರೆ ಮರದ ಮೊಟ್ಟೆಯೇ ವಾಸಿ. ಎಲ್ಲ ಒಂದೇ ಅಚ್ಚಿನಲ್ಲಿ ಹೊಳೆಯುತ್ತಿದ್ದರೆ ಅದು ಕಾರ್ಖಾನೆಯ ಮಾಲು, ಮುಂದಿನ ಅಂಗಡಿ ನೋಡಿ.

ಇನ್ನೊಂದು, ಅಮ್ಮ ಗಾಬರಿಯಾಗದಿರಲಿ ಅಂತ ಹೇಳುತ್ತಿದ್ದೇನೆ. ವಿಲೋ ಮರದ ಹಸಿ ಕಡ್ಡಿಗಳನ್ನು ಜಡೆ ಹಾಕಿದ ಹಾಗೆ ಹೆಣೆದು, ತುದಿಗೆ ರಿಬ್ಬನ್ ಕಟ್ಟಿ ಮಾರುತ್ತಾರೆ. ಪೊಮ್ಲಾಜ್ಕಾ ಅಂತ ಹೆಸರು. ಈಸ್ಟರ್ ಸೋಮವಾರ ಹುಡುಗರು ಅದರಿಂದ ಹೆಣ್ಣುಮಕ್ಕಳ ಕಾಲಿಗೆ ಮೆಲ್ಲಗೆ ಬಡಿಯುತ್ತಾರೆ. ಹಾಗೆ ಬಡಿದರೆ ವರ್ಷವಿಡೀ ಆರೋಗ್ಯ, ಚೆಲುವು ಅಂತ ನಂಬಿಕೆ. ಹೊಡೆಸಿಕೊಂಡವರು ತಿರುಗಿ ಮೊಟ್ಟೆ ಕೊಡಬೇಕು! ನನಗಂತೂ ಇದು ಅಷ್ಟು ಇಷ್ಟವಾಗಲಿಲ್ಲ, ಆದರೆ ಹಬ್ಬ ಅವರದ್ದು. ಊರೊಳಗೆ ಇದು ಕಮ್ಮಿ, ಹಳ್ಳಿಗಳಲ್ಲಿ ಜಾಸ್ತಿ.

ಬ್ರನೋದಿಂದ, ಸಸ್ಯಾಹಾರಿ

ಅಪ್ಪನ ಊಟದ ವಿಷಯ. ಸಂತೆಯಲ್ಲಿ ಕಾಣುವ ಬಹಳಷ್ಟು ತಿಂಡಿಗೆ ಮೊಟ್ಟೆ ಬೀಳುತ್ತದೆ. ಬ್ರಾಂಬೊರಾಕ್ ಅಂದರೆ ಆಲೂಗಡ್ಡೆ ತುರಿದು ಬೆಳ್ಳುಳ್ಳಿ ಹಾಕಿ ಕರಿದದ್ದು, ನೋಡಿದರೆ ನಮ್ಮದೇ ತಿಂಡಿ ಅನ್ನಿಸುತ್ತದೆ. ಅದರಲ್ಲೂ ಮೊಟ್ಟೆ, ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ. ಕರಿದ ಚೀಸ್‌ಗೂ ಹೊರಗಡೆ ಮೊಟ್ಟೆಯ ಲೇಪ. ಹಬ್ಬದ ಮಜಾನೆತ್ಸ್ ಬ್ರೆಡ್, ಕುರಿಮರಿ ಆಕಾರದ ಕೇಕ್, ಎರಡೂ ಅಪ್ಪನಿಗೆ ಆಗುವುದಿಲ್ಲ. ಕೋಲಿಗೆ ಸುತ್ತಿ ಸುಡುವ ಟ್ರಡೆಲ್ನಿಕ್ ಹಿಟ್ಟಿಗೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಪ್ರಾಗ್‌ನ ಹಳೇ ತಿಂಡಿ ಅಂತ ಬೋರ್ಡ್ ಹಾಕಿರುತ್ತಾರೆ, ನಂಬಬೇಡಿ. ಅದು ಪ್ರವಾಸಿಗರಿಗೋಸ್ಕರ ಈಚೆಗೆ ಹಬ್ಬಿದ್ದು.

ಹುರಿದ ಬಾದಾಮಿ ಸಿಗುತ್ತದೆ. ಲಾಂಗೋಶ್ ಕೇಳಿ ನೋಡಿ, ಈಸ್ಟ್ ಹಾಕಿದ ಹಿಟ್ಟನ್ನು ಅಗಲಕ್ಕೆ ಕರಿದು ಬೆಳ್ಳುಳ್ಳಿ ಸವರುತ್ತಾರೆ. ಬರೀ ಬೆಳ್ಳುಳ್ಳಿ, ಚೀಸ್ ಸಾಕು ಅನ್ನಿ. ಎಣ್ಣೆಯಲ್ಲಿ ಬೇರೆ ಏನು ಕರಿಯುತ್ತಾರೆ ಅಂತಲೂ ಕೇಳಿ. ಹೊಟ್ಟೆ ತುಂಬ ಊಟಕ್ಕೆ ಓಲ್ಡ್ ಟೌನ್ ಹತ್ತಿರವೇ ಧಾಬಾ ಬೀಯಾಸ್ ಅನ್ನುವ ಸಸ್ಯಾಹಾರಿ ಕ್ಯಾಂಟೀನ್ ಇದೆ. ತಟ್ಟೆಗೆ ನಾವೇ ಬಡಿಸಿಕೊಳ್ಳುವುದು, ತೂಕದ ಮೇಲೆ ದುಡ್ಡು. ಅನ್ನ, ಬೇಳೆ ಸಿಕ್ಕಿದರೆ ಅಪ್ಪಂದಿರು ಮತ್ತೆ ನಡೆಯಲು ತಯಾರು, ಅಲ್ವಾ?

ಈಸ್ಟರ್ ಸೋಮವಾರ 200 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಕಾನೂನು ಪ್ರಕಾರ ಮುಚ್ಚಿರುತ್ತವೆ. ಹಾಲು, ಮೊಸರು, ಹಣ್ಣು ಭಾನುವಾರವೇ ತಂದಿಟ್ಟುಕೊಳ್ಳಿ.

ಪ್ರಾಗ್‌ನಲ್ಲೇ ಇರುವವರು, ಮತ್ತೆ

ದುಡ್ಡಿನ ವಿಷಯ ಬಿಟ್ಟು ಹೋಗಿತ್ತು. ಇಲ್ಲಿ ಯೂರೋ ಅಲ್ಲ, ಕೊರೂನಾ. ಸಂತೆಯಲ್ಲಿ ಯೂರೋ ತೆಗೆದುಕೊಂಡರೂ ಲೆಕ್ಕ ನಮಗೆ ನಷ್ಟ. ಬೀದಿಯಲ್ಲಿ ನೋಟು ಬದಲಿಸುತ್ತೇನೆ ಅಂತ ಬರುವವನ ಹತ್ತಿರ ನಿಲ್ಲಲೇಬೇಡಿ. ಎಕ್ಸ್‌ಚೇಂಜ್ ಅಂಗಡಿಯಲ್ಲಿ ರೇಟು ಕೆಟ್ಟದಾಗಿತ್ತು ಅಂತ ಆಮೇಲೆ ಗೊತ್ತಾದರೆ 3 ಗಂಟೆಯೊಳಗೆ ರಸೀದಿ ಸಮೇತ ವಾಪಸ್ ಹೋಗಿ. 1000 ಯೂರೋ ತನಕ ಅವರು ವ್ಯವಹಾರ ರದ್ದು ಮಾಡಿಕೊಡಲೇಬೇಕು, 2019ರಿಂದ ಕಾನೂನಿದೆ. ಎಟಿಎಂ ನಿಮ್ಮ ಕರೆನ್ಸಿಗೆ ಪರಿವರ್ತಿಸಲಾ ಅಂತ ಕೇಳಿದರೆ ಬೇಡ ಅನ್ನಿ. ಸಂತೆಯಲ್ಲಿ ಕೆಂಡದ ಮೇಲೆ ತಿರುಗುವ ಹಂದಿ ಮಾಂಸದ ಬೆಲೆ 100 ಗ್ರಾಂಗೆ ಬರೆದಿರುತ್ತದೆ. ಕತ್ತರಿಸುವಾಗ ಕೈ ದೊಡ್ಡದು! ತಿನ್ನುವವರು ಮೊದಲೇ ಎಷ್ಟು ಗ್ರಾಂ ಅಂತ ಹೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್! ಹಾಗಾದರೆ ಬುಧವಾರ ಬೆಳಿಗ್ಗೆ ಸಂತೆ, ಮಧ್ಯಾಹ್ನ ಕಾರು ಅಂತ ಇಟ್ಟುಕೊಳ್ಳಲಾ? ಇನ್ನೊಂದು ದಿನ ಕೋಟೆ ಒಳಗೆ ಹೋಗಬೇಕೆಂದರೆ ಅಮ್ಮನಿಗೆ ದಾರಿ ಇದೆಯಾ?

ಪ್ರಾಗ್‌ನಲ್ಲೇ ಇರುವವರು

ಉಲ್ಟಾ ಮಾಡಿ. ಬೆಳಿಗ್ಗೆ ಬೇಗ ಕಾರು, ಬೀದಿ ಖಾಲಿ ಇರುತ್ತದೆ. ಇಳಿದ ಮೇಲೆ ಹಾಗೇ ಸಂತೆಗೆ ನಡೆಯಿರಿ. ಗಂಟೆ ಹೊಡೆಯುವ ಸಮಯಕ್ಕೆ ಐದು ನಿಮಿಷ ಮುಂಚೆ ಆ ಚೌಕದಲ್ಲೇ ಇರುವ 1410ರ ಖಗೋಳ ಗಡಿಯಾರದ ಮುಂದೆ ಇದ್ದರೆ ಬೊಂಬೆಗಳ ಮೆರವಣಿಗೆ ಸಿಗುತ್ತದೆ. ಜೇಬು ಹುಷಾರು. ಆ ಗಡಿಯಾರದ ಗೋಪುರಕ್ಕೆ ಲಿಫ್ಟ್ ಇದೆ, ಅಮ್ಮ ಮೇಲಿನಿಂದ ಸಂತೆಯನ್ನು ನೋಡಬಹುದು.

ಕೋಟೆಗೆ 22ನೇ ನಂಬರ್ ಟ್ರಾಮ್ ಹಿಡಿದು ಪ್ರಾಜ್ಸ್ಕಿ ಹ್ರಾಡ್ ಸ್ಟಾಪ್‌ನಲ್ಲಿ ಇಳಿಯಿರಿ, ಮೆಟ್ಟಿಲು ಹತ್ತುವ ಕೆಲಸ ತಪ್ಪುತ್ತದೆ. ಕಾಗದದ ಟಿಕೆಟ್ ಆದರೆ ಹತ್ತಿದ ತಕ್ಷಣ ಮಿಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ. ಅದೇ ಟ್ರಾಮ್ ನಾಮ್ಯೆಸ್ತಿ ಮೀರು ಚೌಕಕ್ಕೂ ಹೋಗುತ್ತದೆ. ಅಲ್ಲೂ ಚರ್ಚ್ ಮುಂದೆ ಸಣ್ಣ ಸಂತೆ ಹಾಕುತ್ತಾರೆ, ಊರವರೇ ಬರುವ ಜಾಗ, ಕೂರಲು ಬೆಂಚೂ ಇದೆ.

ಮ್ಯೂನಿಕ್‌ಗೆ ವಾಪಸ್ ಹೋಗುವಾಗ ಅಪ್ಪ ಅಮ್ಮನ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇರಲಿ. ಜರ್ಮನಿ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ನೋಡುವುದುಂಟು. ಮತ್ತೆ ಶೌಚಾಲಯಕ್ಕೆ ಅಂತ ಕೊರೂನಾ ಚಿಲ್ಲರೆ ಇಟ್ಟುಕೊಂಡಿರಿ.