ಅಪ್‌ಡೇಟ್: ಬರ್ಚ್ ಟೀಪಾಯಿಗೆ ಕೊನೆಗೂ ವಾಲ್ನಟ್ಟೇ

ಹೋದ ತಿಂಗಳು ಕೇಳಿದ್ದೆನಲ್ಲ, ಬರ್ಚ್ ಅನ್ನೋ ತಿಳಿಬಣ್ಣದ ಮರದಲ್ಲಿ ಟೀಪಾಯಿ ಮಾಡುತ್ತಿದ್ದೇನೆ, ಕಾಲಿನ ಬೆಣೆಗೂ ಡ್ರಾಯರ್ ಹಿಡಿಗೂ ಎದ್ದು ಕಾಣುವ ಮರ ಯಾವುದು ಹಾಕಲಿ ಅಂತ. ನೀವು ಹೇಳಿದ್ದು ಪಡೌಕ್, ಚೆರ್ರಿ, ವಾಲ್ನಟ್.

ನಾನು ಮೊದಲು ಮನಸೋತಿದ್ದು ಪಡೌಕ್‌ಗೆ. ಕುಂಕುಮದಂಥ ಕೆಂಪು! ಒಂದು ವೇಸ್ಟ್ ತುಂಡಿಗೆ ಬೆಣೆ ಹೊಡೆದು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ದೇ ತಡ, ಕೆಂಪು ಪುಡಿ ಬರ್ಚ್‌ನ ಎಳೆಗಳೊಳಗೆ ಕೂತು ಸುತ್ತಲೂ ಗುಲಾಬಿ ಕಲೆ. ಎಣ್ಣೆ ಹಚ್ಚಿದರೆ ಇನ್ನೂ ಹರಡಿತು. ಸಾಲದ್ದಕ್ಕೆ ಆ ಕೆಂಪು ಬೆಳಕಿಗೆ ಬರ್ತಾ ಬರ್ತಾ ಕಂದಾಗುತ್ತದೆ. ಚೆರ್ರಿ ಹೊಸದರಲ್ಲಿ ತೀರಾ ತಿಳಿ, ಬಣ್ಣ ಏರಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ತಾಳ್ಮೆ ನನಗೆಲ್ಲಿ?

ಹಾಗಾಗಿ ಗಾಢ ಕಂದು ಬಣ್ಣದ ವಾಲ್ನಟ್. ಇಲ್ಲಿ ಮಿನೆಸೋಟಾದಲ್ಲಿ ಸುಲಭವಾಗಿ ಸಿಗುತ್ತದೆ. ಪುಡಿಯೇ ಏಳದಿರಲಿ ಅಂತ ಉಜ್ಜದೆ ಸ್ಕ್ರೇಪರ್‌ನಲ್ಲಿ ಹೆರೆದೆ. ಎಣ್ಣೆ ಬರ್ಚನ್ನು ಹಳದಿ ಮಾಡುತ್ತದೆ, ಅದಕ್ಕೇ ನೀರಿನ ವಾರ್ನಿಷ್ ಹಚ್ಚಿದೆ. ವಾಲ್ನಟ್ ವರ್ಷ ಕಳೆದಂತೆ ತಿಳಿಯಾಗುತ್ತದೆ, ಗೊತ್ತಿದ್ದೇ ಹಾಕಿದ್ದು.

ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡಿ ಕೇಳಿದ್ದು ಒಂದೇ: "ಆ ಕರಿ ತುಂಡು ಬೀಟೆನಾ?"