ಐಟಿಯವರಿಗೂ ಯೂನಿಯನ್ ಬೇಕಾ? ಗೆಳೆಯನ ಕೈಲಿ ರಾಜೀನಾಮೆ ಕೊಡಿಸಿದ ಮೇಲೆ ಈ ಪ್ರಶ್ನೆ

ಸಿಲ್ಕ್‌ಬೋರ್ಡ್ ಸಂಜೆ:

ಒಂಬತ್ತು ವರ್ಷದಿಂದ ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಹೋದ ಶುಕ್ರವಾರ ಪಕ್ಕದ ಸೀಟಿನವನನ್ನು ಎಚ್‌ಆರ್ ಕರೆದರು. ಐದು ನಿಮಿಷದಲ್ಲಿ ಬರುತ್ತೇನೆ ಅಂತ ಟೀ ಕಪ್ಪು ಹಾಗೇ ಬಿಟ್ಟು ಹೋದ. ಬಂದಿದ್ದು ಮುಕ್ಕಾಲು ಗಂಟೆ ಆದ ಮೇಲೆ, ಜೊತೆಗೆ ಸೆಕ್ಯುರಿಟಿಯವರು. ಲ್ಯಾಪ್‌ಟಾಪ್ ಒಳಗೇ ಇಟ್ಟುಕೊಂಡಿದ್ದರು. ಬ್ಯಾಗು, ಟಿಫಿನ್ ಡಬ್ಬಿ, ಮಗಳ ಫೋಟೊ ಎತ್ತಿಕೊಂಡು ಹೊರಟ, ಯಾರ ಮುಖವನ್ನೂ ನೋಡಲಿಲ್ಲ.

ರಾತ್ರಿ ಫೋನಲ್ಲಿ ಹೇಳಿದ. ನೀನಾಗೇ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ, ರಿಲೀವಿಂಗ್ ಲೆಟರ್. ಇಲ್ಲ ಅಂದರೆ ಟರ್ಮಿನೇಟ್ ಮಾಡುತ್ತೇವೆ, ಮುಂದೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಅದೇ ಬರುತ್ತೆ ಅಂದರಂತೆ. ಹೆಂಡತಿಗೊಂದು ಫೋನ್ ಮಾಡುತ್ತೇನೆ ಅಂದರೆ ಮೊದಲು ಸಬ್ಮಿಟ್ ಒತ್ತಿ ಅಂದರಂತೆ. ಒತ್ತಿದ.

ಈಗ ಟೀಮಲ್ಲಿ ಒಬ್ಬರು ಯೂನಿಯನ್ ಸೇರೋಣ ಅನ್ನುತ್ತಿದ್ದಾರೆ. ನಿಜ ಹೇಳಬೇಕೆಂದರೆ ಯೂನಿಯನ್ ಅಂದ ತಕ್ಷಣ ನನಗೆ ಕೆಂಪು ಬಾವುಟ, ಫ್ಯಾಕ್ಟರಿ ಗೇಟು ನೆನಪಾಗುತ್ತೆ. ನಮಗೆಲ್ಲ ಅದು ಆಗಿಬರುತ್ತಾ? ಹೋಂ ಲೋನ್ ಬೇರೆ ಇದೆ. ಸೇರಿದ್ದು ಗೊತ್ತಾದರೆ ಮುಂದಿನ ಸರದಿ ನಂದೇ ಅಲ್ವಾ?

ಬನಶಂಕರಿ ಲಾಸ್ಟ್ ಬಸ್ಸು:

ಆ ರೂಮಲ್ಲಿ ನಾನೂ ಕೂತಿದ್ದೆ ಸರ್, ಎರಡು ವರ್ಷದ ಹಿಂದೆ, ಬೇರೆ ಕಂಪನಿಯಲ್ಲಿ. ಅವರು ರಾಜೀನಾಮೆಯನ್ನೇ ಯಾಕೆ ಕೇಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವರನ್ನು ಕಂಪನಿಯೇ ಆಳು ಜಾಸ್ತಿ ಆಯಿತು ಅಂತ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಕೆಲಸ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದು ಇತ್ತು, 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ನೀವಾಗೇ ಬಿಟ್ಟರೆ ಇದ್ಯಾವುದೂ ಇಲ್ಲ. ಆ ಸಬ್ಮಿಟ್ ಬಟನ್‌ಗೆ ಅಷ್ಟು ಬೆಲೆ!

ಇನ್ನೊಂದು, ಈ ರಕ್ಷಣೆ ಇರೋದು ಕಾರ್ಮಿಕರಿಗೆ ಮಾತ್ರ, ಅದಕ್ಕೇ "ನೀನು ಲೀಡು, ಕಾರ್ಮಿಕ ಅಲ್ಲ" ಅಂತ ಹೆದರಿಸುತ್ತಾರೆ. ಕೋರ್ಟು ನೋಡೋದು ಕಾರ್ಡ್ ಮೇಲಿನ ಹೆಸರನ್ನಲ್ಲ, ದಿನಾ ಮಾಡುವ ಕೆಲಸವನ್ನು. ನನಗೂ ಲೀಡ್ ಅಂತಲೇ ಹೆಸರಿತ್ತು. ಒಬ್ಬರ ರಜೆ ಮಂಜೂರು ಮಾಡುವ ಅಧಿಕಾರ ಇರಲಿಲ್ಲ.

ನಾನು ಯೂನಿಯನ್‌ನವರ ಜೊತೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಟ್ಟೆ. ಏಳು ತಿಂಗಳು ಅಲೆದೆ. ಕೆಲಸ ವಾಪಸ್ ಸಿಗಲಿಲ್ಲ, ಬರಬೇಕಾದ ದುಡ್ಡು ಬಂತು. ಅಧಿಕಾರಿ ಮುಂದೆ ಕಂಪನಿ ಕಡೆ ಮೂರು ಜನ, ನನ್ನ ಕಡೆ ನಾನೂ ಯೂನಿಯನ್‌ನ ಒಬ್ಬರೂ. ಮೊದಲನೇ ಸಲ ಆ ರೂಮಲ್ಲಿ ಒಬ್ಬನೇ ಇದ್ದೆನಲ್ಲ, ಅದಕ್ಕೂ ಇದಕ್ಕೂ ಅಜಗಜಾಂತರ.

ಹೈಕ್ ರಾಜ:

ಒಪ್ಪಲ್ಲ ಗುರು. ಹತ್ತು ವರ್ಷದಲ್ಲಿ ಐದು ಕಂಪನಿ ಬದಲಾಯಿಸಿದ್ದೇನೆ, ಪ್ರತಿ ಸಲ ಸಂಬಳ ಏರಿದೆ. ಯಾವ ಯೂನಿಯನ್ ಕೊಡಿಸುತ್ತೆ ಅದನ್ನ? ಇಲ್ಲಿ ಸ್ಟ್ರೈಕ್ ಅಂದರೆ ಕ್ಲೈಂಟ್ ಮಾರನೇ ದಿನ ಪ್ರಾಜೆಕ್ಟ್ ಬೇರೆ ಕಡೆ ಕೊಡುತ್ತಾನೆ. ಸ್ಕಿಲ್ ಇದ್ದರೆ ಯಾರಿಗೂ ಹೆದರಬೇಕಾಗಿಲ್ಲ. ಸುಮ್ನೆ ರಾಜಕೀಯ ತರಬೇಡಿ.

ಜಾಲಹಳ್ಳಿ ಹುಡುಗಿ:

ಹೈಕ್ ರಾಜ ಅವರೇ, ನೀವು ಹೇಳೋದು ಮಾರ್ಕೆಟ್ ಚೆನ್ನಾಗಿರುವಾಗ ನಿಜ. 45 ದಾಟಿದ ಮೇಲೆ, ಎಲ್ಲ ಕಂಪನಿಯೂ ಒಟ್ಟಿಗೆ ಜನ ತೆಗೆಯುವಾಗ ಇನ್ನೊಂದು ಸಲ ಹೇಳಿ.

ನಮ್ಮಪ್ಪ ಸಾರ್ವಜನಿಕ ಉದ್ಯಮದ ಫ್ಯಾಕ್ಟರಿಯಲ್ಲಿದ್ದರು. 1980ರ ಡಿಸೆಂಬರ್‌ನಿಂದ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರೆಲ್ಲ 77 ದಿನ ಮುಷ್ಕರ ಮಾಡಿದರು, ಬಿಎಚ್‌ಇಎಲ್‌ನವರಷ್ಟೇ ಸಂಬಳ ಕೊಡಿ ಅಂತ. ನಾನಿನ್ನೂ ಹುಟ್ಟಿರಲಿಲ್ಲ. ಅಮ್ಮನ ಎರಡು ಬಳೆ ಗಿರವಿ ಅಂಗಡಿ ಸೇರಿತ್ತಂತೆ. ಗೆದ್ದರು ಅಂತ ಹೇಳಲ್ಲ, ಬರಿಗೈಯಲ್ಲಿ ವಾಪಸ್ ಹೋದರು ಅಂತಲೇ ಅಮ್ಮ ಈಗಲೂ ಗೊಣಗುತ್ತಾರೆ. ಅದಕ್ಕೇ ಯೂನಿಯನ್ ಇದ್ದರೆ ಎಲ್ಲ ಸಿಗುತ್ತೆ ಅಂತ ನಾನು ಯಾರಿಗೂ ಪುಂಗಿ ಊದಲ್ಲ.

ಆದರೆ ನಾನು ಶಾಲೆಗೆ ಹೋಗುವಾಗ ಅಡುಗೆಮನೆ ಕ್ಯಾಲೆಂಡರ್ ಮೇಲೆ ಅಪ್ಪ ಪೆನ್ಸಿಲ್‌ನಲ್ಲಿ ಓಟಿ ಗಂಟೆ ಬರೆದಿಡುತ್ತಿದ್ದರು. 2, 3, 2. ತಿಂಗಳ ಕೊನೆಗೆ ಕೂಡಿ ನೋಡೋರು, ಅರ್ಧ ಗಂಟೆ ಕಮ್ಮಿ ಬಂದರೂ ಹೋಗಿ ಕೇಳೋರು, ಓಟಿಗೆ ಡಬಲ್ ಸಂಬಳ ಅಲ್ವಾ. ನಾನು ರಾತ್ರಿ ಹನ್ನೊಂದರವರೆಗೆ ರಿಲೀಸ್ ಕಾಲ್‌ನಲ್ಲಿರುತ್ತೇನೆ. ಅದನ್ನ ಎಲ್ಲೂ ಬರೆಯುವುದೇ ಇಲ್ಲ.

ಬೊಮ್ಮನಹಳ್ಳಿ:

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ನಾನು ಐಟಿಗೆ ಹೊಸದಾಗಿ ಸೇರಿದ್ದೆ, ಜಾಮ್‌ನಲ್ಲಿ ಸಿಕ್ಕಿಕೊಂಡ ಕ್ಯಾಬಲ್ಲಿ ಕೂತು ಬೈಯುತ್ತಿದ್ದೆ. ಸಂಜೆ ಮನೆಗೆ ಬಂದರೆ ಅಮ್ಮ ಕಾಲು ನೀರಲ್ಲಿಟ್ಟುಕೊಂಡು ಕೂತಿದ್ದಳು. ಅವಳೂ ಅಲ್ಲೇ ಇದ್ದಳಂತೆ! ಏಪ್ರಿಲ್ 19ಕ್ಕೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ಉಳಿದದ್ದು ಅಮ್ಮನ ಪಿಎಫ್ ಒಂದೇ ಅಲ್ಲ, ನಂದೂ ಹೌದು, ಹೈಕ್ ರಾಜ ಅವರದ್ದೂ ಹೌದು. ಅವತ್ತು ರಸ್ತೆಗೆ ಇಳಿದವರಲ್ಲಿ ಎಷ್ಟೋ ಜನ ಯಾವ ಯೂನಿಯನ್‌ಗೂ ಸೇರಿದವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಹಾಗೆ ದಿಢೀರ್ ಅಂತ ರಸ್ತೆಗೆ ಇಳಿಯೋದು ದಿನಾ ಆಗೋ ಕೆಲಸ ಅಲ್ಲ. ಒಬ್ಬೊಬ್ಬರನ್ನೇ ರೂಮಿಗೆ ಕರೆದಾಗ ಯಾರು ಬರುತ್ತಾರೆ?

ನಮ್ಮಲ್ಲಿ ಕಿಟು ಇದೆ, ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ, 2017ರಲ್ಲಿ ನೋಂದಣಿ ಆದದ್ದು. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವ ಬಂದಾಗ ಬೀದಿಗೆ ಬಂದವರು ಅವರೇ. ಅದೇ ವರ್ಷ ಸ್ಥಾಯಿ ಆದೇಶ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನೋ ಕಾನೂನು) ಐಟಿಗೆ ಇದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ ಇನ್ನೈದು ವರ್ಷ ಮುಂದುವರಿಸಿತು, ನಮ್ಮ ಆಫೀಸಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಸಿಲ್ಕ್‌ಬೋರ್ಡ್ ಸಂಜೆ:

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನಿಗೆ ಓದಿ ಹೇಳಿದೆ. ಎಚ್‌ಆರ್ ಕಳಿಸಿದ ಮೀಟಿಂಗ್ ಇನ್ವೈಟ್ ಅವನ ಮೊಬೈಲಲ್ಲಿ ಇನ್ನೂ ಇದೆ, ಅವತ್ತೇ ರಾತ್ರಿ ನನಗೆ ಕಳಿಸಿದ ವಾಟ್ಸಾಪ್ ಮೆಸೇಜೂ ಇದೆ. ಒತ್ತಾಯ ಮಾಡಿ ಬರೆಸಿಕೊಂಡರು ಅಂತ ಈಗಲೂ ಮೇಲ್ ಹಾಕಬಹುದಾ, ತಡ ಆಯಿತಾ?

ಬನಶಂಕರಿ ಲಾಸ್ಟ್ ಬಸ್ಸು:

ಇವತ್ತೇ ಹಾಕಲಿ, ಪರ್ಸನಲ್ ಐಡಿಯಿಂದ. ಇನ್ವೈಟ್‌ನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ಅಕೌಂಟ್ ಬ್ಲಾಕ್ ಆದರೆ ಅದೂ ಹೋಗುತ್ತೆ. ಸೋಮವಾರ ಬೆಳಿಗ್ಗೆ ಕಾರ್ಮಿಕ ಭವನದ ಹತ್ತಿರ ಸಿಗುತ್ತೇನೆ. ಅವನ ಜೊತೆ ನೀವೂ ಬನ್ನಿ.